ಹುಳದ ಮನೆಯ ದೊಡ್ಡವ್ವ

ಮೊನ್ನೆ ಕೆ.ಆರ್. ಪೇಟೆ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ನನ್ನ ಕಾಲ ಮೇಲೇ ಇಳಿಸಿದರು. ಬೈಯಲು ಬಾಯಿ ತೆರೆದವನು ಆ ಹಸಿ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡೆ. ಹುಳದ ಮನೆಯ ದೊಡ್ಡವ್ವ ನೆನಪಾಗಿದ್ದರು...

ತೊಂಬತ್ತರ ದಶಕದಲ್ಲಿ ನಮ್ಮ ಚರ್ಚಿನ ಸಭೆ ಬೆಳೆಯುತ್ತಿತ್ತು, ಸ್ವಂತ ಜಾಗ ಮಾತ್ರ ಇರಲಿಲ್ಲ. ಪೇಟೆಯಲ್ಲಿ ಯಾರು ಬಾಡಿಗೆಗೆ ಕೊಟ್ಟರೂ ಬೇಗನೆ ಬಿಡಿಸುತ್ತಿದ್ದರು. ಅವರಿಗೆ ದೇವರ ಮೇಲೆ ತಕರಾರಿರಲಿಲ್ಲ, ನನ್ನ ಡೋಲಕ್ಕಿನ ಮೇಲೆ ಇತ್ತು. ಕೊನೆಗೆ ಬೂಕನಕೆರೆ ರಸ್ತೆಯ ದೊಡ್ಡವ್ವ ತಮ್ಮ ರೇಷ್ಮೆ ಹುಳ ಸಾಕುವ ಉದ್ದನೆಯ ಹೆಂಚಿನ ಮನೆಯಲ್ಲಿ ಅರ್ಧ ಕೊಟ್ಟರು. ಉಳಿದರ್ಧದಲ್ಲಿ ಹುಳ, ನಡುವೆ ಗೋಣಿತಾಟಿನ ಪರದೆ.

"ಎಂಗಿರ್ತೀರೋ ನೋಡ್ತೀನಿ. ಸರ್‍ಯಾಗಿದ್ರೆ ಮನೇನೇ ಕೊಡ್ತೀನಿ, ಇಲ್ದಿದ್ರೆ ಗಂಟುಮೂಟೆ ಕಟ್ಟಿ" ಅಂದರು.

ಕಾಲು ತೊಳೆದು, ಬಾಗಿಲಲ್ಲಿ ಉದುರಿಸಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು, ಹುಳಕ್ಕೆ ರೋಗ ತಗುಲಬಾರದಲ್ಲ. ಸಭೆಗೆ ಹೊಸದಾಗಿ ಬಂದವರು ಇದೂ ಕ್ರೈಸ್ತರ ಪದ್ಧತಿಯೇ ಇರಬೇಕೆಂದು ಭಕ್ತಿಯಿಂದ ತುಳಿಯುತ್ತಿದ್ದರು.

ಎರಡನೇ ಭಾನುವಾರ ಹಾಡು ಕಾವೇರಿದ್ದಾಗ ದೊಡ್ಡವ್ವ ಪರದೆ ಸರಿಸಿಕೊಂಡು ನುಗ್ಗಿದರು.

"ಅಯ್ನೋರೆ, ಹುಳ ಜ್ವರಕ್ಕೆ ಕುಂತವೆ, ಮೆತ್ತಗೆ ಹಾಡಿ! ಲೇ, ನೀನು ಆ ಡೋಲಕ್ಕ ಕೆಳಿಕ್ಕಿಡ್ಲಾ!"

ಹುಳ ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ ಮಲಗುವುದಕ್ಕೆ ಜ್ವರ ಅನ್ನುತ್ತಾರೆ. ನಮ್ಮ ಪಾಸ್ಟರ್ ಅಯ್ಯನವರಿಗೆ ಅದು ಗೊತ್ತಿರಲಿಲ್ಲ. ಪಾಪ, ಬೇಗ ವಾಸಿಯಾಗಲೆಂದು ಅಲ್ಲೇ ಪ್ರಾರ್ಥನೆ ಮಾಡಿಬಿಟ್ಟರು.

"ನಾಳಿಕೆ ತಾವೇ ಎದ್ದೇಳ್ತವೆ ಬುಡಿ, ಅದುಕ್ಯಾಕೆ ದೇವ್ರಿಗೆ ತೊಂದ್ರೆ" ಅಂದರು ದೊಡ್ಡವ್ವ.

ಆಮೇಲೆ ಹುಳ ಮಲಗಿದ ಭಾನುವಾರ ಹಲ್ಲೆಲೂಯವನ್ನೂ ಪಿಸುಗುಟ್ಟಿದೆವು.

ಒಂದು ಭಾನುವಾರ ಅಯ್ಯನವರ ಉಪದೇಶದ ಮಧ್ಯೆಯೇ ದೊಡ್ಡವ್ವನ ಕೂಗು ಕೇಳಿತು. ಹುಳಗಳೆಲ್ಲ ಒಟ್ಟಿಗೆ ಹಣ್ಣಾಗಿ ನೂಲು ಬಿಡಲು ಸಿದ್ಧವಾಗಿದ್ದವು. ಗೂಡು ಕಟ್ಟಲು ಕೂಡಲೇ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡದಿದ್ದರೆ ಬೆಳೆ ಹಾಳು. ಆಳುಗಳೋ, ಬೀಗರೂಟಕ್ಕೆ ಹೋಗಿದ್ದರು. ಅಯ್ಯನವರು ಬೈಬಲ್ ಮುಚ್ಚಿ ಬಿಳಿ ಅಂಗಿಯ ತೋಳು ಮಡಿಸಿದರು. ಇಡೀ ಸಭೆ ಹಿಂದೆಯೇ ಹೋಯಿತು. ಹುಳ ಕಂಡರೆ ಚೀರುತ್ತಿದ್ದ ಟೀಚರಮ್ಮ ಕಣ್ಣು ಮುಚ್ಚಿಕೊಂಡೇ ಆರಿಸಿದರು. ಹಣ್ಣು ಯಾವುದು, ಕಾಯಿ ಯಾವುದು, ದೇವರೇ ಬಲ್ಲ.

ಸಂಜೆ ಎಲ್ಲರಿಗೂ ಮಜ್ಜಿಗೆ ಕೊಟ್ಟು ದೊಡ್ಡವ್ವ, "ಮನೆ ನೀವೇ ಮಡೀಕಳ್ರಪ್ಪ" ಅಂದರು. ಪರೀಕ್ಷೆ ಪಾಸಾದೆವೆಂದು ನಾವು ಬೀಗುತ್ತಿದ್ದರೆ ಅವರ ದನಿ ಇಳಿಯಿತು.

"ಇದೇ ಕಡೇ ಬೆಳೆ ಕಣಪ್ಪ. ಸೊಪ್ಪು ಕುಯ್ಯಾಕೆ ಕೈಲಾಯ್ತಿಲ್ಲ. ಈ ಮನೆ ಬಿಕೋ ಅನ್ನೋದ್ನ ನಾ ನೋಡ್ನಾರೆ. ತುಂಬ್ಕಂಡಿರಿ."

ಮನೆಯನ್ನು ಚರ್ಚು ಮಾಡುವ ರಿಪೇರಿಗೂ ಅವರದೇ ಯಜಮಾನಿಕೆ. ಹುಳದ ತಟ್ಟೆ ಜೋಡಿಸುತ್ತಿದ್ದ ಮರದ ಚೌಕಟ್ಟುಗಳು ಬೆಂಚುಗಳಾದವು. ಅಗಲ ಸಾಲದೆ, ತೂಕಡಿಸಿದವರು ಕೆಳಗೆ ಬೀಳುತ್ತಿದ್ದರು. ಗಾಳಿಕಿಂಡಿ ಮುಚ್ಚಲು ಹೋದ ಗಾರೆಯವನನ್ನು, "ಹುಳುಕ್ಕೆ ಬೇಕಾದ ಗಾಳಿ ಜನುಕ್ಕೆ ಬ್ಯಾಡ್ವೇನ್ಲಾ?" ಎಂದು ಗದರಿದರು. ಎಷ್ಟು ಸಲ ಸುಣ್ಣ ಬಳಿದರೂ ಸೊಪ್ಪಿನ ವಾಸನೆ ಮಾತ್ರ ಹೋಗಲಿಲ್ಲ...

ದೊಡ್ಡವ್ವ ತೀರಿಕೊಂಡು ಬಹಳ ವರ್ಷವಾಯಿತು. ಮೊನ್ನೆ ಬಸ್ಸಿಳಿದು ಚರ್ಚಿನವರೆಗೂ ನಡೆದು ಹೋದೆ. ಅಂದು ಬುಧವಾರ, ಬೀಗ ಹಾಕಿತ್ತು. ಭಾನುವಾರ ಹೊರಗೂ ನಿಲ್ಲುವಷ್ಟು ಜನ, ಮಿಕ್ಕ ದಿನ ಮನೆ ಬಿಕೋ ಅನ್ನುತ್ತದೆ. ದೊಡ್ಡವ್ವ ಇದ್ದಿದ್ದರೆ ಅಯ್ಯನವರನ್ನೂ ಸೇರಿಸಿ ನಮ್ಮೆಲ್ಲರ ಜನ್ಮ ಜಾಲಾಡುತ್ತಿದ್ದರು. ಬೈಸಿಕೊಳ್ಳುವ ಆಸೆಯಿಂದ ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ.