ಮಾವ ಕೇಳಿದ ನೋಟಿಸ್, ನಾನು ಕೇಳಿದ ಪ್ರಶ್ನೆ

ಕಾಲೇಜು ಮುಗಿಸಿ ಬಸ್ಸಿಳಿದು ಬರುತ್ತಿದ್ದೆ. ಪಕ್ಕದ ಹೊಲದ ಮುನಿರಾಜಣ್ಣನ ತೋಟಕ್ಕೆ ಹೋಗುವ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳು ಬಿದ್ದಿತ್ತು.

ಹಾಕಿದವರು ಬೇರೆ ಯಾರೂ ಅಲ್ಲ, ನಮ್ಮ ಮಾವ.

ಶಿಡ್ಲಘಟ್ಟದ ಪಕ್ಕದ ಹಳ್ಳಿ ನಮ್ಮದು. ರೇಷ್ಮೆ ಹುಳ ಸಾಕುವ ಮನೆ. ಮದುವೆಯಾಗಿ ಇಷ್ಟು ವರ್ಷದ ಮೇಲೆ ನಾನು ಚಿಕ್ಕಬಳ್ಳಾಪುರದಲ್ಲಿ ಎಲ್‌ಎಲ್‌ಬಿಗೆ ಸೇರಿದ್ದೇನೆ, ಮೊದಲನೇ ವರ್ಷ. ನಮ್ಮ ಯಜಮಾನರು ಗೌರಿಬಿದನೂರಿನ ಕಡೆ ಫ್ಯಾಕ್ಟರಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಹಾಗಾಗಿ ಅವತ್ತು ಮನೆಯಲ್ಲಿದ್ದದ್ದು ಮಾವ, ಅತ್ತೆ, ನಾನು... ಮತ್ತೆ ಸಾಯುತ್ತಿದ್ದ ಹುಳ.

ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಇನ್ನೇನು ಗೂಡು ಕಟ್ಟುವ ಹೊತ್ತಿಗೆ ಬಂದಿದ್ದ ಹುಳ. ತಲೆ ಎತ್ತಿ ಒದ್ದಾಡಿಕೊಂಡು, ಹಸಿರು ನೀರು ಕಕ್ಕಿ ಬಿದ್ದಿದ್ದವು. ನೋಡಿದವರಿಗೆ ಯಾರೂ ಹೇಳಬೇಕಿಲ್ಲ, ಅದು ವಿಷ.

ಮುನಿರಾಜಣ್ಣ ಹಿಂದಿನ ದಿನವೇ ಟೊಮೆಟೊಗೆ ಔಷಧಿ ಹೊಡೆದಿದ್ದರು. ಗಾಳಿಗೆ ಅದು ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿದೆ ಅಂತ ಮಾವನ ಲೆಕ್ಕ. ಅದಕ್ಕೇ ಮುಳ್ಳು. ಅತ್ತ ಮುನಿರಾಜಣ್ಣನ ತೋಟದಲ್ಲಿ ಹಣ್ಣು ಕೆಂಪಾಗಿ ಕೂತಿದೆ, ಚಿಂತಾಮಣಿ ಮಂಡಿಗೆ ಹೋಗಬೇಕಾದ ಟೆಂಪೋ ಮುಳ್ಳಿನಾಚೆ ನಿಂತಿದೆ.

ನಾನು ಬ್ಯಾಗು ಕೆಳಗಿಡುವ ಮೊದಲೇ ಮಾವ ಹೇಳಿದರು.

"ಲಾಯರಮ್ಮ, ಅವನಿಗೊಂದು ನೋಟಿಸ್ ಬರಿಯಮ್ಮ. ಇಂಗ್ಲಿಷಲ್ಲೇ ಇರ್ಲಿ. ಅವನಿಗೆ ಓದಕ್ಕಾಗಬಾರ್ದು."

ನಗು ಬಂದರೂ ನಗುವ ಹೊತ್ತಲ್ಲ.

ಈ ಸೆಮಿಸ್ಟರಿನಲ್ಲಿ ನಮಗೆ ಟಾರ್ಟ್ಸ್ ಇದೆ. ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಹಾನಿಯಾದರೆ ಪರಿಹಾರ ಕೇಳುವ ಕಾನೂನು. ಮಾವನಿಗೆ ಅದು ಗೊತ್ತು, ಏಕೆಂದರೆ ನಾನೇ ಊಟ ಬಡಿಸುತ್ತಾ ಕೇಸುಗಳನ್ನು ಕಥೆ ಮಾಡಿ ಹೇಳುತ್ತಿದ್ದೆ. ಕಥೆ ಹೇಳುವ ಚಟ ನಮ್ಮ ಅಜ್ಜಿಯಿಂದ ಬಂದದ್ದು, ಇಂಗ್ಲಿಷ್ ಪುಸ್ತಕವನ್ನೂ ಒಂದೂರಲ್ಲಿ ಒಬ್ಬ ಇದ್ದನಂತೆ ಅಂತಲೇ ಶುರು ಮಾಡುತ್ತೇನೆ.

ಆದರೆ ಅದೇ ವಾರ ಕ್ಲಾಸಿನಲ್ಲಿ ಮೇಡಂ ಒಂದು ಮಾತು ಹೇಳಿದ್ದರು. ಅವನು ಮಾಡಿದ, ಇವನಿಗೆ ನಷ್ಟವಾಯಿತು, ಇಷ್ಟೇ ಸಾಲದು. ಅವನು ಮಾಡದೇ ಇದ್ದಿದ್ದರೂ ಈ ನಷ್ಟ ಆಗುತ್ತಿತ್ತೇ? ಮೊದಲು ಅದನ್ನು ಕೇಳಿ ಅಂತ.

ನಾನು ಹುಳದ ಮನೆಯೊಳಗೆ ಹೋಗಿ ಸುಮ್ಮನೆ ನೋಡುತ್ತಾ ನಿಂತೆ.

ಬಲಗಡೆ ಸ್ಟ್ಯಾಂಡಿನ ಹುಳ ಮಾತ್ರ ಸತ್ತಿವೆ. ಎಡಗಡೆಯವು ಚರಚರ ಅಂತ ಮೇಯುತ್ತಿವೆ.

ಅತ್ತೆಯನ್ನು ಕೇಳಿದೆ. ಸೊಪ್ಪು ಎರಡೂ ಕಡೆಗೆ ಒಂದೇ ಸಾಲಿನದು, ಟೊಮೆಟೊ ತೋಟದ ಅಂಚಿನದೇ, ಔಷಧಿ ಹೊಡೆದ ಮೇಲೆ ಕೊಯ್ದದ್ದು. ಎಡಗಡೆಗೆ ಕೊಯ್ದ ಕೂಡಲೇ ಹಾಕಿದ್ದರು. ಮಿಕ್ಕಿದ್ದನ್ನು ಬಾಡದಿರಲಿ ಅಂತ ಒದ್ದೆ ಗೋಣಿತಾಟು ಹೊದಿಸಿಟ್ಟು, ಹಿಂದಿನ ಸಂಜೆ ಬಲಗಡೆಗೆ ಹಾಕಿದ್ದರು.

ಹೊರಗೆ ಬಂದು ಮಾವನ ಮುಂದೆ ನಿಂತೆ. ಈ ಮನೆಯಲ್ಲಿ ನನ್ನನ್ನು ಓದಲು ಕಳಿಸಿ ಅಂತ ಹಟ ಹಿಡಿದವರು ಅವರೇ.

"ಮಾವ, ಮುನಿರಾಜಣ್ಣ ಔಷಧಿ ಹೊಡೀದೇ ಇದ್ದಿದ್ರೂ ಈ ಹುಳ ಸಾಯ್ತಿತ್ತೇನೋ."

ಮಾವನ ಮುಖ ಬಿಗಿಯಾಯಿತು.

"ನಿನ್ನ ಓದಕ್ಕೆ ಕಳಿಸಿದ್ದು ನಮ್ಮ ಕಡೆ ಮಾತಾಡ್ಲಿ ಅಂತ ಕಣಮ್ಮ."

ನಾನು ಎರಡು ಮೊರ ತಂದೆ, ಎರಡಕ್ಕೂ ಎಡಗಡೆಯ ಒಂದಷ್ಟು ಹುಳ ಬಿಟ್ಟೆ. ಒಂದಕ್ಕೆ ಆ ಅಂಚಿನ ಸೊಪ್ಪನ್ನೇ ಕೊಯ್ದು ಹಾಕಿದೆ. ಇನ್ನೊಂದಕ್ಕೆ ಅದೇ ಸೊಪ್ಪನ್ನು ಆ ಒದ್ದೆ ಗೋಣಿತಾಟಿನಲ್ಲೇ ಸ್ವಲ್ಪ ಹೊತ್ತು ಸುತ್ತಿಟ್ಟು ಹಾಕಿದೆ.

ದೀಪ ಹಚ್ಚುವ ಹೊತ್ತಿಗೆ ಮೊದಲನೇ ಮೊರದಲ್ಲಿ ಹುಳ ಸೊಪ್ಪೆಲ್ಲಾ ಮೇಯ್ದು ಬರೀ ಕಡ್ಡಿ ಉಳಿದಿತ್ತು. ಎರಡನೆಯದರಲ್ಲಿ ಹುಳ ತಲೆ ಆಡಿಸುತ್ತಾ ಹಸಿರು ಕಕ್ಕುತ್ತಿದ್ದವು.

ಅತ್ತೆ ಎರಡನ್ನೂ ನೋಡಿದರು. ಆಮೇಲೆ ನಿಧಾನವಾಗಿ ಮಾವನ ಕಡೆ ತಿರುಗಿದರು.

"ಆ ತಾಟು ಕೊಟ್ಟಿಗೆ ಗೋಡೆ ಮೇಲೆ ಒಣಗ್ತಿತ್ತು. ನಾನೇ ನೆನೆಸಿ ಹೊದಿಸ್ದೆ. ಅದ್ರಲ್ಲಿ ನೀವೇನ್ ಮಾಡಿದ್ರಿ?"

ಮಾವ ನೆಲ ನೋಡಿಕೊಂಡು ಹೇಳಿದರು. ಹಸುವಿಗೆ ರಕ್ತ ಹೀರುವ ಉಣ್ಣೆ ಹತ್ತಿತ್ತು. ಉಣ್ಣೆ ಔಷಧಿ ಕಲಸಿ, ಅದೇ ತಾಟನ್ನು ಅದ್ದಿ ಮೈಯೆಲ್ಲಾ ಒರೆಸಿದ್ದರಂತೆ.

ಯಾರೂ ಬೇಕಂತ ಮಾಡಿದ್ದಲ್ಲ. ಹಸು ಇರುವ, ಹುಳ ಇರುವ ಯಾವ ಮನೆಯಲ್ಲೂ ಆಗಬಹುದಾದದ್ದು. ಆದರೆ ನಾನೀಗ ಸೊಸೆಯಾಗಿ ಇಡೀ ಮನೆಯ ಮುಂದೆ ಮಾವನನ್ನು ತಪ್ಪಿತಸ್ಥ ಮಾಡಿದ್ದೆ. ಅವತ್ತು ಅವರು ಊಟಕ್ಕೆ ಕೂತಾಗ ಯಾವ ಕೇಸೂ ಕೇಳಲಿಲ್ಲ. ನನ್ನ ಓದು ಇಲ್ಲಿಗೇ ಮುಗಿಯಿತು ಅಂದುಕೊಂಡೆ.

ಬೆಳಿಗ್ಗೆ ನಾನು ಡೈರಿಗೆ ಹಾಲು ಹಾಕಲು ಹೊರಟರೆ ಮಾವ ಮುಂದೆ ಹೋಗುತ್ತಿದ್ದಾರೆ, ಹೆಗಲ ಮೇಲೆ ಕವೆಕೋಲು. ದಾರಿಯ ಮುಳ್ಳನ್ನು ತಾವೇ ಎಳೆದು ಬದಿಗೆ ಹಾಕಿದರು. ಟೆಂಪೋ ಪಕ್ಕದಲ್ಲಿದ್ದ ಮುನಿರಾಜಣ್ಣ ಜಗಳಕ್ಕೆ ತಯಾರಾಗಿಯೇ ಎದ್ದು ನಿಂತರು.

"ತಪ್ಪು ನಂದು ಕಣಯ್ಯ. ಹುಳ ಸತ್ತಿದ್ದು ನನ್ನ ಕೈಯಿಂದ. ಹಣ್ಣು ತಗೊಂಡೋಗು."

ಮುನಿರಾಜಣ್ಣ ನನ್ನ ಕಡೆ ತಿರುಗಿ, ಇನ್ನು ಮುಂದೆ ಔಷಧಿ ಹೊಡೆಯುವ ಹಿಂದಿನ ದಿನವೇ ಬಂದು ಹೇಳುತ್ತೇನೆ, ನೀವು ಅಂಚಿನ ಸೊಪ್ಪು ಮೊದಲೇ ಕೊಯ್ದುಕೊಳ್ಳಿ ಅಂದರು.

ಡೈರಿಯಲ್ಲಿ ಹಾಲಿನ ಕ್ಯಾನ್ ಹಿಡಿದು ಅರ್ಧ ಊರೇ ನಿಂತಿತ್ತು. ನನ್ನ ಜೊತೆಗೇ ಬಂದ ಮಾವ ಯಾರೂ ಕೇಳದಿದ್ದರೂ ನಡೆದದ್ದನ್ನೆಲ್ಲಾ ಹೇಳಿದರು, ಎರಡು ಮೊರದ ಸಮೇತ. ನನಗಿಂತ ಚೆನ್ನಾಗಿಯೇ ಹೇಳಿದರು.

ಯಾರೋ ಹಿಂದಿನಿಂದ ಚುಚ್ಚಿದರು, ಒಳ್ಳೇ ಕಥೆಯಾಯ್ತಲ್ಲಪ್ಪ, ಎದುರು ಪಾರ್ಟಿ ಲಾಯರನ್ನ ಮನೆಯಲ್ಲೇ ಸಾಕಿದ್ದೀಯ ಅಂತ.

"ಸಾಕಿದ್ದೀನಿ ಕಣ್ರಯ್ಯ. ಇನ್ನೂ ಎರಡು ವರ್ಷ ಓದಿಸ್ತೀನಿ. ನಿಮ್ಮ ಕಡೆ ನ್ಯಾಯ ಇದ್ರೆ ಬನ್ನಿ."

ನಾನು ಹಾಲು ಅಳೆಯುವವರ ಕಡೆ ನೋಡುತ್ತಾ ನಿಂತೆ. ಕಣ್ಣು ತುಂಬಿದ್ದು ಊರಿಗೆ ಕಾಣಬಾರದಿತ್ತು.

ನಮ್ಮವರ ವಿರುದ್ಧವೇ ಗೆದ್ದು, ಅವರ ಬಾಯಿಂದಲೇ ಆ ಗೆಲುವಿನ ಕಥೆ ಕೇಳುವ ಹೆಮ್ಮೆ... ನಿಮ್ಮಲ್ಲಿ ಯಾರಿಗಾದರೂ ಸಿಕ್ಕಿದೆಯಾ?