ಟುವಾಲಿನ ಕೆಳಗಿನ ಹೆಬ್ಬೆರಳು

ಎಪ್ಪತ್ತೈದು ಸಾವಿರ ಕೊಟ್ಟೆ. ಮಾರುವವನು ಹೇಳಿದ್ದು ತೊಂಬತ್ತು. ಹದಿನೈದು ಇಳಿಸಿದೆನೆಂಬ ಜಂಬದಲ್ಲಿ ಆ ಸಂಜೆ ಮನೆಗೆ ಪೇಢೆ ಒಯ್ದಿದ್ದೆ. ಕೊಂಡದ್ದು ಒಂದು ಹಳೆಯ ಬಿಳಿ ವ್ಯಾನು. ಯಾಕೆ ಕೊಂಡೆ ಎನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಹುಚ್ಚನ ಮಾತಿನಂತೆ ಕೇಳಿಸೀತು.

ನಾವಿದ್ದದ್ದು ಮಿರಜಿನಲ್ಲಿ. ಹೆಂಡತಿ ಶಾಂತವ್ವ ಅಡುಗೆ ಮಾಡುತ್ತಿದ್ದಳು, ನಾನು ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯ ಸಣ್ಣ ಕಾರಖಾನೆಗಳಿಗೆ ಸೈಕಲ್ಲಿನ ಮೇಲೆ ಮಧ್ಯಾಹ್ನದ ಊಟ ಮುಟ್ಟಿಸುತ್ತಿದ್ದೆ. ಸಾಂಗ್ಲಿ, ಮಿರಜ, ಕುಪವಾಡ ಮೂರನ್ನೂ ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡುವ ಗದ್ದಲ ಆಗ ನಡೆದಿತ್ತು. ಊರು ಒಂದಾದರೆ ವ್ಯಾಪಾರವೂ ಒಂದಾಗುತ್ತದೆ, ಮೊದಲು ಗಾಡಿ ಓಡಿಸಿದವನೇ ಗೆದ್ದ ಎಂದು ನನ್ನ ಲೆಕ್ಕ. ಇನ್ನೂ ಮೂರು ಕಾರಖಾನೆಯವರು, ಬಿಸಿ ಅನ್ನ ಹೊತ್ತಿಗೆ ಸರಿಯಾಗಿ ತಂದರೆ ಗುತ್ತಿಗೆ ನಿನ್ನದೇ ಎಂದಿದ್ದರು. ಸೈಕಲ್ಲಿನಿಂದ ಅದು ಆಗುವ ಮಾತಲ್ಲ. ಹೀಗಾಗಿ ಅಷ್ಟು ವರ್ಷದ ಉಳಿತಾಯವನ್ನೆಲ್ಲ ಆ ವ್ಯಾನಿಗೆ ಸುರಿದೆ.

ಗಾಳಿ, ದೆವ್ವ, ಸೂಚನೆ ಇಂಥವನ್ನು ನಾನು ನಂಬಿದವನಲ್ಲ. ನಂಬುವವರ ಜೊತೆ ವ್ಯಾಪಾರ ಸಲೀಸು ಎಂಬುದಷ್ಟೇ ಗೊತ್ತಿತ್ತು. ಈಗ ನಂಬುತ್ತೀಯಾ ಎಂದು ಕೇಳಬೇಡಿ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಹಳೆ ಗಾಡಿ ಮಾರುವವನ ತಗಡಿನ ಶೆಡ್ಡು ಸಾಂಗ್ಲಿ-ಮಿರಜ ರಸ್ತೆಯ ಮೇಲಿತ್ತು. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು. ಮೊದಲು ಅರಿಸಿನ ಪೇಟೆಯಲ್ಲಿ ದಲಾಲಿ ಮಾಡಿದವನು. ನಾನು ಹೋದದ್ದು ಬಿಸಿಲು ಕಾದ ಮಧ್ಯಾಹ್ನ.

"ಬರ್ರಿ ಭಾವೂ, ಕುಂದ್ರಿ. ಈ ಗಾಡಿ ಡಾಕ್ಟರ್ ಸಾಹೇಬ್ರದು. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ. ಅಷ್ಟ ಓಡೈತಿ."

ದವಾಖಾನೆಗಳ ಊರಾದ ಮಿರಜಿನಲ್ಲಿ ಮಾರಾಟಕ್ಕೆ ಬಂದ ಪ್ರತಿ ಹಳೆ ಗಾಡಿಯೂ ಡಾಕ್ಟರದೇ. "ಹಂಗಾರ ಡಾಕ್ಟರು ಇದನ್ನ ಡಿಸ್ಚಾರ್ಜ್ ಯಾಕ ಮಾಡಿದ್ರು ಕಾಕಾ?" ಎಂದೆ. ಅವನು ಹೊಟ್ಟೆ ಕುಣಿಸಿ ನಕ್ಕ. ಕಾಗದಪತ್ರ ಕೇಳಿದರೆ, "ಎಲ್ಲಾ ಕಚೇರಿ ಅದಲಾಬದಲಿ ನಡದೈತಿ, ಬರ್ತಾವ ತಗೋರಿ" ಎಂದ. ಆ ವರ್ಷ ಹಾಲು ನೀರಾದರೂ ಅದೇ ನೆಪ ಹೇಳುತ್ತಿದ್ದರು.

ಅಲ್ಲಿ ಬೆಂಚಿನ ಮೇಲೆ ಮಾಧವನಗರದವನೊಬ್ಬ ಇದೇ ವ್ಯಾನಿನ ಮೇಲೆ ಕಣ್ಣಿಟ್ಟು ಕುಳಿತಿದ್ದ. ಅವನಿಗೆ ದರ ಗೊತ್ತಾಗಬಾರದೆಂದು ಕಾಕಾ ಹಳೆಯ ಪೇಟೆಯ ಪದ್ಧತಿ ತೆಗೆದ. ಎಡಗೈಯ ಚಹಾದ ಕಪ್ಪು ಕೆಳಗಿಡದೆಯೇ ನನ್ನ ಹೆಗಲ ಟುವಾಲನ್ನು ಇಬ್ಬರ ಬಲಗೈ ಮೇಲೆ ಹೊದಿಸಿ, ಬೆರಳು ಹಿಡಿದು ಚೌಕಾಸಿ. ನನಗೆ ಖುಷಿಯೇ ಆಯಿತು. ನಾನು ಸಲಗರೆ ಹಳ್ಳಿಯ ಕುರಿ ಸಾಕುವ ಮನೆಯವನು. ಮಿರಜಿನ ಕುರಿ ಬಾಜಾರದಲ್ಲಿ ಅಪ್ಪನ ಮಗ್ಗುಲಲ್ಲಿ ನಿಂತು ಈ ವಿದ್ಯೆಯನ್ನು ಚಿಕ್ಕಂದಿನಲ್ಲೇ ಕಲಿತವನು. ಮಾತು ಎಪ್ಪತ್ತು ಸಾವಿರಕ್ಕೆ ಬಂತು. ಮೇಲಿನ ಐದಕ್ಕೆ, ಅವನ ಐದೂ ಬೆರಳನ್ನು ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದೆ. ಹಾಗೆ ಹಿಡಿದರೆ 'ಐದು' ಎಂದರ್ಥ.

ಆಗ ನನ್ನ ಮಣಿಕಟ್ಟಿನ ಒಳಮಗ್ಗುಲಿಗೆ ಒಂದು ಹೆಬ್ಬೆರಳು ಒತ್ತಿತು. ಒಮ್ಮೆ, ಸ್ವಲ್ಪ ತಡೆದು ಇನ್ನೊಮ್ಮೆ.

ಆ ಒತ್ತು ನನಗೆ ಚೆನ್ನಾಗಿ ಗೊತ್ತು. ಕುರಿ ಕೊಳ್ಳುವಾಗ ಮನೆಯವರೊಬ್ಬರು ಪಕ್ಕದಲ್ಲಿ ನಿಂತಿರುತ್ತಾರೆ. ಕುರಿಯಲ್ಲಿ ಐಬು ಕಂಡರೆ ಬಾಯಿ ಬಿಡುವಂತಿಲ್ಲ, ಎದುರಿನವನಿಗೆ ಅವಮಾನ. ಟುವಾಲಿನ ಕೆಳಗೆ ಕೈ ತೂರಿಸಿ ಎರಡು ಸಲ ಒತ್ತುತ್ತಾರೆ. ಬಿಡು, ಇದು ಬೇಡ ಎಂದು.

ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಒತ್ತಿದವನು ಕಾಕಾನೇ ಎಂದುಕೊಂಡೆ. ಈಗ ಜಾಣತನದ ತಪ್ಪು ನೋಡಿ: ಇವನಿಗೆ ನಮ್ಮ ಕುರಿ ಮಂದಿಯ ಗುಟ್ಟು ಎಲ್ಲಿಂದಲೋ ಗೊತ್ತಾಗಿದೆ, ಮಾಧವನಗರದವನು ಹೆಚ್ಚು ಕೊಡುತ್ತಾನೆಂದು ವಾಸನೆ ಬಡಿದಿದೆ, ನನ್ನನ್ನು ಹೆದರಿಸಿ ಕಳಿಸಬೇಕೆಂದಿದ್ದಾನೆ. ಮಾರುವವನೇ ಬಿಡು ಎನ್ನುತ್ತಾನೆಂದರೆ ಮಾಲು ಸಸ್ತಾ ಬಿದ್ದಿದೆ! ಮುಷ್ಟಿ ಇನ್ನೂ ಬಿಗಿ ಮಾಡಿ, "ಆತು ಕಾಕಾ, ಪಕ್ಕಾ" ಎಂದುಬಿಟ್ಟೆ.

ಮೊದಲ ವಾರ ಗಾಡಿ ಚೆನ್ನಾಗಿ ಓಡಿತು. ಆಮೇಲೆ ಬ್ರೇಕು ಒತ್ತಿದರೆ ಎಡಕ್ಕೆ ಎಳೆಯತೊಡಗಿತು. ಹಿಂದಿನ ಬಾಗಿಲು ಮುಚ್ಚಿದರೆ ತೆರೆಯದು, ತೆರೆದರೆ ಮುಚ್ಚದು. ಶಾಂತವ್ವ ಹಿಂದೆ ಸಾರಿನ ಪಾತೇಲಿಗಳ ನಡುವೆ, ಒಂದನ್ನು ಕಾಲಿನಿಂದ ಆನಿಸಿಕೊಂಡು ಕೂರುತ್ತಿದ್ದಳು. ಒಂದು ದಿನ ಹೇಳಿದಳು, "ಏನ್ರಿ, ನನ್ನ ಕಾಲ ಕೆಳಗ ಗಾಡಿ ಆಕಳಿಸಿದಂಗ ಆಗತೈತಿ."

"ಗಾಡಿ ಎಲ್ಲಿಂದ ಆಕಳಿಸ್ತೈತಿ? ನಿನಗ ನಿದ್ದಿ ಸಾಲಿಲ್ಲ" ಎಂದೆ. ಹೆಂಡತಿಯ ಮಾತಿಗೂ ಚೌಕಾಸಿ ಮಾಡುವ ಚಟ ನನ್ನದು.

ಮರುದಿನ ಕುಪವಾಡದ ತಿರುವಿನಲ್ಲಿ ಒಂದು ತಗ್ಗು ಬಂತು. ಪಾತೇಲಿ ಉರುಳಿ, ಬೇಳೆ ಸಾರೆಲ್ಲ ಚೆಲ್ಲಿತು. ಶಾಂತವ್ವ ಕಾಲು ಮೇಲೆತ್ತಿ ಚೀರಿದಳು. ಗಾಡಿ ನಿಲ್ಲಿಸಿ ಇಳಿದು ನೋಡುತ್ತೇನೆ, ಸಾರು ವ್ಯಾನಿನ ಕೆಳಗಿಂದ ರಸ್ತೆಗೆ ಸೋರುತ್ತಿದೆ. ಒಂದು ತೂತಿನಿಂದಲ್ಲ. ಈ ಬದಿಯಿಂದ ಆ ಬದಿಗೆ ದಾರ ಹಿಡಿದು ಎಳೆದ ಹಾಗೆ, ಸೀದಾ ಒಂದು ಗೆರೆಯಾಗಿ.

ಅಂಟಿಸಿದ್ದ ರಬ್ಬರ್ ಹಾಸನ್ನು ಕಿತ್ತೆ. ಕೆಳಗೆ ಡಾಂಬರು, ಅದರ ಕೆಳಗೆ ಬೆಸುಗೆ. ಮುಂದಿನ ಅರ್ಧದ ತಗಡು ಒಳಗೆ ನೀಲಿ, ಹಿಂದಿನದು ಹಸಿರು. ಎರಡು ಒಡೆದ ಗಾಡಿಗಳನ್ನು ಕತ್ತರಿಸಿ ಒಂದು ಮಾಡಿ ಬಿಳಿ ಬಣ್ಣ ಹೊಡೆದಿದ್ದರು. ಬೆಸುಗೆ ಅರ್ಧಕ್ಕಿಂತ ಹೆಚ್ಚು ಬಿಟ್ಟುಕೊಂಡಿತ್ತು. ಅದು ಬಾಯಿ ತೆರೆದದ್ದು ಸರಿಯಾಗಿ ನನ್ನ ಹೆಂಡತಿ ಕಾಲೂರಿ ಕೂರುವ ಜಾಗದಲ್ಲಿ.

ಅವಳು ಸೆರಗಿನಿಂದ ಸಾರು ಒರೆಸಿಕೊಳ್ಳುತ್ತ ಬಗ್ಗಿ ನೋಡಿದಳು. "ಅವರು ಊರ ಕೂಡಿಸ್ಯಾರ, ಇಂವಾ ಗಾಡಿ ಕೂಡಿಸ್ಯಾನ. ಮುಂದ ಸಾಂಗ್ಲಿ, ಹಿಂದ ಮಿರಜ. ನಾ ನಡುವ ಹರಕೊಂಡು ಹೋಗ್ತಿದ್ನಿ." ನಗಲು ಹೋದಳು, ಆಗಲಿಲ್ಲ. "ನಾ ಇನ್ನ ಇದರಾಗ ಕುಂದ್ರಂಗಿಲ್ಲ ನೋಡ್ರಿ" ಎಂದು ನಡೆದೇ ಹೊರಟಳು.

ನಾನು ವ್ಯಾನನ್ನು ಆಮೆಯ ಹಾಗೆ ನಡೆಸುತ್ತ ಕಾಕಾನ ಶೆಡ್ಡಿಗೆ ಒಯ್ದೆ. ಅವನು ಚಹಾ ಕುಡಿಯುತ್ತಿದ್ದ. ಬೈದೆ, ಅವನೂ ಬೈದ. "ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ ಭಾವೂ. ನೋಡಿ ತಗೊಂಡೀರಿ."

"ಐಬು ಐತಿ ಅಂತ ನೀವ ಒತ್ತಿ ಹೇಳಿದ್ರಿ. ಗೊತ್ತಿದ್ದ ಮಾರೀರಿ."

ಅವನು ಬಾಯಿ ತೆರೆದು ನನ್ನನ್ನೇ ನೋಡಿದ. "ನಾ? ನನ್ನ ಮಾಲಿಗೆ ನಾನ ಐಬು ಹೇಳಲಿಕ್ಕೆ ತಲಿ ಕೆಟ್ಟೈತೇನು?"

"ಕೈ ಕೊಡ್ರಿ, ತೋರಿಸ್ತೀನಿ."

ಅದೇ ಟುವಾಲು ಹೊದಿಸಿದೆ. ಅಪ್ಪನ ಹಳೆಯ ಟುವಾಲು ಎಂದು ಬರೆದರೆ ಕಥೆ ಚಂದವಾಗುತ್ತಿತ್ತು, ಆದರೆ ಅದು ಸಾಂಗ್ಲಿ ಪೇಟೆಯಲ್ಲಿ ಹೊಸದಾಗಿ ಕೊಂಡದ್ದು. ಅಂದಿನ ಹಾಗೆಯೇ ಅವನ ಐದೂ ಬೆರಳನ್ನು ಮುಷ್ಟಿಯಲ್ಲಿ ಹಿಡಿದೆ. "ಹಿಂಗ ಹಿಡದಾಗ ನೀವು ಹೆಬ್ಬೆರಳಿಲೆ..." ಎಂದವನು ಅಲ್ಲಿಗೇ ನಿಂತೆ. ಅವನ ಹೆಬ್ಬೆರಳು ನನ್ನ ಮುಷ್ಟಿಯೊಳಗಿತ್ತು. ಎಡಗೈಯಲ್ಲಿ ಚಹಾದ ಕಪ್ಪು. ಅವತ್ತೂ ಎಡಗೈಯಲ್ಲಿ ಚಹಾದ ಕಪ್ಪೇ ಇತ್ತು. ಹಾಗಾದರೆ ಒತ್ತಿದ್ದು?

ಇದನ್ನು ನಾನಿನ್ನೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅಷ್ಟರಲ್ಲಿ ಮಣಿಕಟ್ಟಿನ ಅದೇ ಜಾಗದಲ್ಲಿ ಮತ್ತೆ ಒತ್ತಿತು. ಒಮ್ಮೆ, ತಡೆದು, ಇನ್ನೊಮ್ಮೆ.

ಕಾಕಾ ಕಾದ ತವೆ ಮುಟ್ಟಿದವನಂತೆ ಕೈ ಕಿತ್ತುಕೊಂಡ. ಚಹಾ ಅವನ ಧೋತರದ ಮೇಲೆ ಚೆಲ್ಲಿತು. ನನ್ನ ಹೆಗಲ ಹಿಂದೆ ನೋಡುತ್ತ, "ಕೋಣ ಆಹೇ?" ಎಂದ, ಯಾರದು ಎಂದು. ತಿರುಗಿ ನೋಡಿದೆ. ರಸ್ತೆ, ಬಿಸಿಲು, ಮಾರಲು ನಿಂತ ಗಾಡಿಗಳು.

ಆಮೇಲೆ ಅವನು ಚೌಕಾಸಿ ಮಾಡಲಿಲ್ಲ. ಪೆಟ್ಟಿಗೆ ತೆರೆದು ಇದ್ದಷ್ಟು ಹಣ ಕೊಟ್ಟ, ಉಳಿದದ್ದನ್ನು ಅದೇ ವಾರ ತಾನೇ ಮನೆಗೆ ತಂದು ಮುಟ್ಟಿಸಿದ. ಹಳೆ ಗಾಡಿ ಮಾರುವವನು ಕೇಳದೆಯೇ ಹಣ ತಂದುಕೊಟ್ಟದ್ದು ಈ ಕಥೆಯಲ್ಲಿ ನಂಬಲು ಎಲ್ಲಕ್ಕಿಂತ ಕಷ್ಟವಾದ ಭಾಗ, ನನಗೆ ಗೊತ್ತು. ವ್ಯಾನನ್ನು ಗುಜರಿಗೆ ಹಾಕುತ್ತೇನೆಂದ. ಹಾಕಿದನೋ ಇಲ್ಲವೋ. ಬಿಳಿ ವ್ಯಾನು ಕಂಡಲ್ಲಿ ಇವತ್ತಿಗೂ ಬಗ್ಗಿ ಕೆಳಗೆ ನೋಡುತ್ತೇನೆ. ಶಾಂತವ್ವ, "ಏಳ್ರಿ, ಮಂದಿ ನೋಡಾಕತ್ಯಾರ" ಎಂದು ಅಂಗಿ ಜಗ್ಗುತ್ತಾಳೆ. ಅವತ್ತು ನಿನಗೇನು ಅನ್ನಿಸಿತು ಎಂದು ಕಾಕಾನನ್ನು ಎರಡು ಸಲ ಕೇಳಿದೆ. ಎರಡೂ ಸಲ ಚಹಾ ತರಿಸಿ ಮಾತು ತಿರುಗಿಸಿದ.

ಸಲಗರೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಕುರಿಗಳ ನಡುವೆ ನಿಂತು ಕೇಳಿಸಿಕೊಂಡು, ನನ್ನ ಮಣಿಕಟ್ಟು ಹಿಡಿದು, "ಇಲ್ಲೇನು?" ಎಂದು ಒತ್ತಿದರು.

"ಹೂಂ. ಅಲ್ಲೇ."

"ಅದು ನಮ್ಮ ಮಂದಿ ನಮ್ಮ ಮಂದಿಗೆ ಹೇಳೋದು, ತಮ್ಮಾ. ಬಾಜೂಕ ಯಾರ ನಿಂತಿದ್ರು?"

"ಯಾರೂ ಇರಲಿಲ್ಲಪಾ."

"ಇದ್ರು ತಗೋ" ಎಂದರು. ಹೊರಗೆ ಹೋಗುತ್ತಿದ್ದ ಮರಿಯೊಂದನ್ನು ಕಾಲು ಹಿಡಿದು ಒಳಗೆ ಎಳೆದುಕೊಂಡರು.

ನರ ಹಾರಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ನನ್ನ ನರ ಹಾರಿದರೆ ಕಾಕಾ ಯಾಕೆ ಕೈ ಕಿತ್ತುಕೊಂಡ? ಅಲ್ಲಿಂದ ಮುಂದಕ್ಕೆ ಯೋಚನೆ ಹೋಗುವುದಿಲ್ಲ. ಎಷ್ಟೋ ಸಲ ಸುಮ್ಮನೆ ಕುಳಿತಾಗ ಎಡಗೈ ತಾನಾಗಿ ಬಲ ಮಣಿಕಟ್ಟನ್ನು ತಿಕ್ಕುತ್ತಿರುತ್ತದೆ.

ನನಗೆ ತಿಳಿಯದ್ದು ಹಾಗಿರಲಿ, ತಿಳಿದದ್ದನ್ನು ನಿಮಗೆ ಹೇಳುತ್ತೇನೆ. ಹಳೆ ಗಾಡಿ ಕೊಳ್ಳಲು ಹೋದರೆ ಬಣ್ಣ ನೋಡಬೇಡಿ, ಹಾಸು ಕೀಳಿಸಿ. ಕೀಳಲು ಬಿಡದಿದ್ದರೆ ಒಳಗೆ ಒಂದು ಬಿಂದಿಗೆ ನೀರು ಸುರಿದು ಕೆಳಗೆ ಬಗ್ಗಿ ನೋಡಿ. ಹಿಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿ ಒಂದು ಸುತ್ತು ಹೊಡೆಯಿರಿ, ಅವಳು ಏನು ಹೇಳಿದರೂ ಕೇಳಿ. ಕಾಗದ ಆಮೇಲೆ ಬರುತ್ತದೆ ಎಂದರೆ ಹಣವೂ ಆಮೇಲೆ ಬರುತ್ತದೆ ಎನ್ನಿ. ಒಬ್ಬರೇ ಹೋಗಬೇಡಿ, ಮನೆಯವರೊಬ್ಬರು ಪಕ್ಕದಲ್ಲಿರಲಿ. ಒಬ್ಬರೇ ಹೋಗುವ ಪ್ರಸಂಗ ಬಂದು, ದರ ಕುದುರುವ ಹೊತ್ತಿಗೆ ಯಾರೋ ಮಣಿಕಟ್ಟು ಒತ್ತಿದಂತಾದರೆ, ಯಾರೆಂದು ಹುಡುಕುತ್ತ ನಿಲ್ಲಬೇಡಿ. ಮೊದಲು ಕೈ ಬಿಡಿ.