ಕಣ್ಣು ಮುಚ್ಚಿ ಚಡುಗುಡು ನೋಡುತ್ತಿದ್ದ ನಂಜುಂಡಪ್ಪ ಮಾಮ

ನಂಜುಂಡಪ್ಪ ಮಾಮ ಚಡುಗುಡು ಪಂದ್ಯವನ್ನು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ಇದನ್ನು ನಾನೇ ಕಂಡೆನೋ, ಮನೆಯಲ್ಲಿ ಮತ್ತೆ ಮತ್ತೆ ಹೇಳಿದ್ದನ್ನು ಕೇಳಿ ಕಂಡಂತೆ ಅಂದುಕೊಂಡೆನೋ, ಆಣೆಯಿಟ್ಟು ಹೇಳಲಾರೆ. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ದಿನಚರಿ ಬರೆಯುವ ಅಭ್ಯಾಸ ಹತ್ತಿದ್ದು ಕಾಲೇಜು ಸೇರಿದ ಮೇಲೆ. ಅದಕ್ಕೂ ಹಿಂದಿನದೆಲ್ಲ ಬರಿಯ ನೆನಪು, ಮತ್ತು ನನ್ನ ನೆನಪು ನನಗೆ ಅನುಕೂಲವಾಗುವ ಹಾಗೆ ತನ್ನನ್ನು ತಿದ್ದಿಕೊಳ್ಳುತ್ತದೆ ಎನ್ನುವುದು ಎಷ್ಟೋ ಸಲ ರುಜುವಾತಾಗಿದೆ. ಮಾಮನ ಅಂಗಿಯ ಬಣ್ಣ ತಪ್ಪಿರಬಹುದು, ವರ್ಷ ತಪ್ಪಿರಬಹುದು. ಮುಚ್ಚಿದ ಕಣ್ಣು ಮಾತ್ರ ತಪ್ಪಿರಲಾರದು ಎಂದು ನಂಬಿದ್ದೇನೆ.

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಮೂಲೆಗಲ್ಲುಗಳೇ ಹೆಚ್ಚು. ನಮ್ಮ ಸಾಲಿನಲ್ಲಿ ಏಳು ಮನೆ, ಕೊನೆಯದು ಮಾಮನದು, ಅದರ ಪಕ್ಕದ್ದು ನಮ್ಮದು. ಆಚೆಗೆ ಬಯಲು. ಮಾಮನಿಗೆ ಮಾಗಡಿ ರಸ್ತೆಯ ಕಡೆ ಎಣ್ಣೆಯ ಡ್ರಮ್ಮು ಮಾಡುವ ಸಣ್ಣ ಕಾರ್ಖಾನೆಯಲ್ಲಿ ತಗಡು ಬಡಿಯುವ ಕೆಲಸ. ದಿನವೆಲ್ಲ ಸುತ್ತಿಗೆಯ ಸದ್ದಿನಲ್ಲಿದ್ದು, ಸಂಜೆ ಸ್ನಾನ ಮಾಡಿ, ವಿಭೂತಿ ಬಳಿದುಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ಅಮ್ಮ ಕಾಫಿ ಕೊಡುವ ಮೊದಲೇ ವಾದ ಶುರುವಾಗಿರುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಆ ಬಯಲಿನಲ್ಲಿ ವರ್ಷಕ್ಕೊಮ್ಮೆ ಚಡುಗುಡು, ಅಂದರೆ ಈಗಿನವರ ಕಬಡ್ಡಿ, ಟೂರ್ನಮೆಂಟು. ಅಪ್ಪ ಗುಮಾಸ್ತೆ, ಆದರೆ ಆ ಒಂದು ತಿಂಗಳು ಮಾತ್ರ ಟೂರ್ನಮೆಂಟ್ ಕಮಿಟಿಯ ಸೆಕ್ರೆಟರಿ. ಸುತ್ತಲ ಹಳ್ಳಿಗಳ ತಂಡಗಳೂ ಕಾರ್ಖಾನೆಗಳ ತಂಡಗಳೂ ಬರುತ್ತಿದ್ದವು, ಕಾರ್ಖಾನೆಗಳಲ್ಲಿ ದೊಡ್ಡದು ಬಟ್ಟೆ ಮಿಲ್ಲು. ಹಳ್ಳಿಯವರ ಆಟಕ್ಕೂ ಮಿಲ್ಲಿನವರ ಆಟಕ್ಕೂ ಒಂದು ವ್ಯತ್ಯಾಸವಿತ್ತು. ಮಿಲ್ಲಿನವನು ಎದುರಾಳಿಗಳ ಅಂಕಣಕ್ಕೆ ಹೋದಾಗ ಹಿಂದಿರುಗುವ ತನಕ ‘ಚಡುಗುಡು ಚಡುಗುಡು’ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಹಳ್ಳಿಯವನು ಹಿಡಿತಕ್ಕೆ ಸಿಕ್ಕಿದೊಡನೆ ದನಿಯನ್ನು ಒಳಕ್ಕೆ ಎಳೆದುಕೊಂಡು ಜೇನುಹುಳದ ಹಾಗೆ ಗುಂಯ್‌ಗುಡುತ್ತಿದ್ದ. ಹಾಗೆ ಮಾಡಿದರೆ ಒಂದೇ ಉಸಿರು ಇನ್ನಷ್ಟು ಹೊತ್ತು ಬರುತ್ತದಂತೆ. ಆ ಗುಂಯ್ ಇದೆಯೋ ನಿಂತಿತೋ ಎನ್ನುವುದರ ಮೇಲೆಯೇ ಅರ್ಧ ಜಗಳಗಳು.

“ಈ ಸಲ ಟೂರ್ನಮೆಂಟ್ ಕಪ್ಪು ಮಿಲ್ಲಿಗೇ, ಬರೆದಿಟ್ಕೊಳ್ಳಿ. ಅವರಿಗೆ ದಿನಾ ಮೊಟ್ಟೆ ಕೊಡ್ತಾರೆ,” ಎಂದು ಅಪ್ಪ ಹೇಳಿದ್ದು ನೆನಪಿದೆ.

“ಮೊಟ್ಟೆ ತಿಂದ್ರೆ ಕೋಳಿ ಹಂಗೆ ಕೂಗ್ಬೋದು ಸ್ವಾಮಿ, ಉಸಿರು ಬರಲ್ಲ,” ಎಂದರು ಮಾಮ. “ಮಲ್ಲತ್ತಹಳ್ಳಿ ಮುನಿಕೃಷ್ಣ ಇದಾನಲ್ಲ, ಅವನ ಒಂದು ಉಸಿರಲ್ಲಿ ನೀವು ಎರಡು ಬೀಡಿ ಸೇದಿ ಮುಗಿಸ್ಬೋದು.”

“ಹೋದ್ ವರ್ಷ ಅದೇ ಮುನಿಕೃಷ್ಣಂದು ಉಸಿರು ಕಡೀತು ಅಂತ ರೆಫ್ರಿ ಸೀಟಿ ಊದಿದ್ನಲ್ಲ?”

“ಆ ರೆಫ್ರಿ ನೋಡ್ತಿದ್ದ. ಅದೇ ತಪ್ಪು. ನೋಡೋರಿಗೆ ಏನ್ ಕೇಳ್ಸುತ್ತೆ? ಕಣ್ಣು ಪಕ್ಷ ಕಟ್ಟುತ್ತೆ ಕಣ್ರೀ, ಕಿವಿ ಕಟ್ಟಲ್ಲ.”

ಈ ಮಾತು ಅವರ ಬಾಯಲ್ಲಿ ವಾರಕ್ಕೆ ಎರಡು ಸಲವಾದರೂ ಬರುತ್ತಿತ್ತು. ಬಯಲಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ವಾಲಿಸಿ, “ಕಡೀತು” ಎನ್ನುತ್ತಿದ್ದರು. ಅವರು ಅಂದ ಮೇಲೆಯೇ ರೆಫ್ರಿಯ ಸೀಟಿ ಕೇಳುತ್ತಿತ್ತು. ಸೋತವರು ಕೂಡ ಅವರ ಹತ್ತಿರ ಬಂದು, “ಮಾವ, ನಿಜ ಹೇಳಿ, ಕಡ್ದಿತ್ತಾ?” ಎಂದು ಕೇಳಿ, ಹೂಂ ಎಂದರೆ ಸುಮ್ಮನೆ ಹೋಗುತ್ತಿದ್ದರು.

ನನಗೂ ಅವರಿಗೂ ಒಂದು ಆಟವಿತ್ತು. ಅವರು ಜಗಲಿಯಲ್ಲಿ ಕಣ್ಣು ಮುಚ್ಚಿ ಕೂರಬೇಕು. ನಾನು ಚಡುಗುಡು ಅನ್ನುತ್ತ ಅವರ ಸುತ್ತ ತಿರುಗಿ, ನಡುವೆ ಎಲ್ಲೋ ಕಳ್ಳ ಉಸಿರು ತೆಗೆದುಕೊಳ್ಳಬೇಕು. “ಸಿಕ್ಕಿದ್ಯಲ್ಲೇ ಕಳ್ಳಿ!” ಎಂದು ಅವರು ತೊಡೆ ತಟ್ಟುತ್ತಿದ್ದರು. ಎಷ್ಟು ವರ್ಷ ಆಡಿದೆವೋ, ಒಂದು ಸಲವೂ ನಾನು ಗೆದ್ದದ್ದಿಲ್ಲ.

ಆ ವರ್ಷ ಒಂದು ಸಂಜೆ ನಾನು ಹಳ್ಳಿಯವರ ಹಾಗೆ ಮೆಲ್ಲನೆ ಗುಂಯ್‌ಗುಡುತ್ತ ತಿರುಗುತ್ತಿದ್ದೆ. ಉಸಿರು ಇನ್ನೂ ಇತ್ತು. “ಕಡೀತು,” ಎಂದರು ಮಾಮ.

“ಇಲ್ಲ ಮಾಮ, ಇನ್ನೂ ಹೇಳ್ತಾನೇ ಇದೀನಿ!”

“ಕಡೀತು ಕಣೇ. ನನ್ಗೆ ಹೇಳ್ಕೊಡ್ತೀಯ?”

ನನಗೆ ಅಳು ಬಂತು. ಅವರ ಬೆನ್ನ ಹಿಂದೆ ಹೋಗಿ ನಿಂತು, “ಮೋಸ,” ಎಂದೆ. ಅವರು ತಿರುಗಲಿಲ್ಲ. ಸ್ವಲ್ಪ ಗಟ್ಟಿಯಾಗಿ, “ಮಾಮ ಮೋಸಗಾರ,” ಎಂದೆ. ಇನ್ನೊಬ್ಬರಾಗಿದ್ದರೆ ಕಿವಿ ಹಿಂಡುತ್ತಿದ್ದರು. ಅವರು ಕಣ್ಣು ಮುಚ್ಚಿಯೇ ಇದ್ದರು, ನಾನು ಇನ್ನೂ ಎದುರಿಗಿದ್ದೇನೆ ಎನ್ನುವ ಹಾಗೆ ಮುಂದಕ್ಕೆ ಮುಖ ಮಾಡಿ ನಗುತ್ತಿದ್ದರು.

ಇಲ್ಲಿಯತನಕ ನನಗೆ ಅನುಮಾನವಿಲ್ಲ. ಅನುಮಾನವಿರುವುದು ಆಮೇಲಿನದರಲ್ಲಿ. ನಾನು ಒಂದು ದಿನ ಅಪ್ಪನಿಗೆ, “ಮಾಮನಿಗೆ ಕಿವಿ ಕೇಳ್ಸಲ್ಲ,” ಎಂದು ಹೇಳಿದೆ. ಅಪ್ಪ ಮುಖಕ್ಕೆ ಸೋಪು ಹಚ್ಚಿಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದರು. ಹೇಳಿದ್ದು ಆ ವಾರವೋ, ಫೈನಲ್ ಮುಗಿದ ಮೇಲೋ?

ಫೈನಲ್‌ಗೆ ಬಂದದ್ದು ಮಿಲ್ಲು ಮತ್ತು ಮಲ್ಲತ್ತಹಳ್ಳಿ. ಮುನಿಕೃಷ್ಣ ನಮಗೆ ಹೊಸಬನಲ್ಲ. ವಾರಕ್ಕೆರಡು ಬೆಳಿಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ನಮ್ಮ ಬೀದಿಗೆ ಬರುತ್ತಿದ್ದ. ಮೂವರು ಅಣ್ಣಂದಿರ ಕೊನೆಯ ತಮ್ಮ, ಇದ್ದ ತುಂಡು ಹೊಲದಲ್ಲಿ ಅವನಿಗೆ ಅಂತ ಏನೂ ಉಳಿಯುವಂತಿರಲಿಲ್ಲ. ಆ ವಾರ ಅವನು ಬುಟ್ಟಿ ಇಳಿಸಿ ಅಮ್ಮನಿಗೆ, “ಮಿಲ್ಲಿನ ಸಾಹೇಬ್ರು ಹೇಳವ್ರೆ ಅಮ್ಮಾವ್ರೇ, ‘ಫೈನಲ್‌ನಾಗೆ ನಮ್ಮೋರ್ನೇ ಸೋಲ್ಸು, ಮಾರ್ನೆ ದಿನ ಗೇಟ್ಗೆ ಬಾ, ಕೆಲ್ಸ ಕೊಡ್ತೀನಿ’ ಅಂತ,” ಎಂದು ಹೇಳಿದ. ಆ ದಿನ ಒಂದು ಕಟ್ಟು ದಂಟಿನ ಸೊಪ್ಪು ಹೆಚ್ಚಿಗೆ ಕೊಟ್ಟ.

ಬರಬೇಕಾಗಿದ್ದ ರೆಫ್ರಿ ಕಾಮಾಲೆಯಾಗಿ ಮಲಗಿಬಿಟ್ಟರು. ಎರಡೂ ಕಡೆಯವರು ಒಪ್ಪುವ ಮನುಷ್ಯ ಇಡೀ ಬಡಾವಣೆಯಲ್ಲಿ ಒಬ್ಬರೇ. ಅಪ್ಪನೇ ಹೋಗಿ ಕೇಳಿದರು. ಮಾಮ ಬೇಡ ಬೇಡ ಎನ್ನುತ್ತಲೇ ಸೀಟಿಯನ್ನು ಕೊರಳಿಗೆ ಹಾಕಿಕೊಂಡರು. ನಿಜವಾಗಿ ಬೇಡವಾಗಿತ್ತೋ, ಉಪಚಾರಕ್ಕೆ ಅಂದರೋ, ಆಗ ಯಾರೂ ಯೋಚಿಸಲಿಲ್ಲ.

ನಾನು ಹೆಂಗಸರ ಜೊತೆ ನಡುಗೆರೆಯ ತುದಿಗೆ ಗೋಣಿತಾಟಿನ ಮೇಲೆ ಕೂತಿದ್ದೆ. ಕೊನೆಯ ದಾಳಿ ಮುನಿಕೃಷ್ಣನದು. ನಾಲ್ವರು ಬಂದು ಅವನನ್ನು ಕೆಡವಿದರು. ಇಬ್ಬರು ಕಾಲಿಗೆ, ಇಬ್ಬರು ಸೊಂಟಕ್ಕೆ. ನಾಲ್ವರನ್ನೂ ಎಳೆದುಕೊಂಡೇ ಅವನು ಗೆರೆಯ ಕಡೆ ತೆವಳಿದ. ಗೆರೆ ಮುಟ್ಟಿದರೆ ನಾಲ್ವರೂ ಔಟು, ಕಪ್ಪು ಅವನದು. ಜನ ಬಾಯಿಗೆ ಬಂದದ್ದು ಕೂಗುತ್ತಿದ್ದರು. ಮಾಮ ಅವನ ತಲೆಯ ಹತ್ತಿರ ಬಗ್ಗಿ, ಯಾವಾಗಿನಂತೆ ಕಣ್ಣು ಮುಚ್ಚಿದರು. ಅವನ ಮುಖ ಮಣ್ಣಿನಲ್ಲಿತ್ತು. ಬಾಯಿಯ ಮುಂದಿನ ಧೂಳು ಸಣ್ಣಗೆ, ಒಂದೇ ಸಮನೆ ಚಿಮ್ಮುತ್ತಿತ್ತು. ಬೆರಳು ಸುಣ್ಣದ ಗೆರೆಗೆ ತಾಗಿದ್ದು ಮೊದಲೋ, ಸೀಟಿ ಮೊದಲೋ ಎಂದು ಕೇಳಿದರೆ, ಸೀಟಿಯೇ ಮೊದಲು.

“ಕಡೀತು,” ಎಂದರು ಮಾಮ.

ಮುನಿಕೃಷ್ಣ ಎದ್ದು ಕೂತು, ಮಣ್ಣು ಉಗಿದು, “ಮಾವ, ನಾನು ಬಿಟ್ಟಿರ್ಲಿಲ್ಲ,” ಎಂದ. ಜಗಳವಾಡುವವನ ದನಿಯಲ್ಲ ಅದು. ಮಾಮ ಅವನ ತುಟಿಯನ್ನು ನೋಡುತ್ತ ನಿಂತರು. “ನನ್ನ ಕಿವಿಗೆ ಬೀಳಲಿಲ್ಲ ಅಂದ್ರೆ ಇರ್ಲಿಲ್ಲ ಮಗ,” ಎಂದರು.

ಹೊಡೆದಾಟವಾಗಲಿಲ್ಲ. ಅವರು ಹೇಳಿದ ಮೇಲೆ ಮುಗಿಯಿತು ಎನ್ನುವುದು ಅಷ್ಟು ಬೇರೂರಿತ್ತು. ಮಾತು ಶುರುವಾದದ್ದು ಮಾರನೆಯ ದಿನದಿಂದ. ಮಿಲ್ಲಿನವರು ನಂಜುಂಡಪ್ಪನಿಗೆ ಧೋತ್ರದ ಜೋಡಿ ಕೊಟ್ಟರಂತೆ, ಭಾವಮೈದನಿಗೆ ಕೆಲಸ ಕೊಡುತ್ತಾರಂತೆ. ಅವರಿಗೆ ಭಾವಮೈದನೇ ಇರಲಿಲ್ಲ. ಮುನಿಕೃಷ್ಣ ಮಿಲ್ಲಿನ ಗೇಟಿಗೆ ಹೋದನಂತೆ. ಸೋತವನಿಗೆ ಮಾತು ಕೊಟ್ಟಿರಲಿಲ್ಲ ಎಂದರಂತೆ. ಅವನು ಸೊಪ್ಪು ತರುವುದನ್ನು ಬಿಡಲಿಲ್ಲ, ಆರನೆಯ ಮನೆಯ ತನಕ ಬಂದು ಹಿಂದಿರುಗುತ್ತಿದ್ದ. ಮಾಮ ಬಾಗಿಲಲ್ಲಿ ನಿಂತು ಆ ಬುಟ್ಟಿ ತಿರುಗುವುದನ್ನು ನೋಡುತ್ತಿದ್ದರು.

ಮಾಮ ನಮ್ಮ ಜಗಲಿಗೆ ಬರುವುದೂ ನಿಂತಿತು. ಅಪ್ಪ ಕರೆಯಲಿಲ್ಲ. ಅಮ್ಮ ಕೆಲವು ದಿನ ಕಾಫಿಯನ್ನು ಒಂದು ಲೋಟ ಹೆಚ್ಚಿಗೆ ಮಾಡಿ, ಆಮೇಲೆ ಬಿಟ್ಟರು. ಕಾರ್ಖಾನೆಯಲ್ಲಿ ಮೇಸ್ತ್ರಿಯ ಕೂಗು ಕೇಳದೆ ಮಾಮನ ಎರಡು ಬೆರಳು ತಗಡಿಗೆ ಸಿಕ್ಕಿದಾಗ ಎಲ್ಲರಿಗೂ ವಿಷಯ ತಿಳಿಯಿತು. ಅಷ್ಟು ಹೊತ್ತಿಗೆ ವರ್ಷವಾಗಿತ್ತು, ಮುನಿಕೃಷ್ಣ ಆಟ ಬಿಟ್ಟಿದ್ದ. ಕಿವುಡನ ಮಾತಿಗೆ ಕಪ್ಪು ಹೋಯಿತು ಎಂದು ಜನ ನಕ್ಕರು. ಲಂಚದ ಮಾತನ್ನು ಮಾತ್ರ ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. ಎರಡನ್ನೂ ಒಟ್ಟಿಗೆ ನಂಬಿದರು.

ನಾನು ಎಂ.ಎ. ಓದಲು ಮೈಸೂರಿಗೆ ಹೊರಟಾಗ ಹೇಳಿ ಬರಲು ಹೋದೆ. ಮಾಮ ಗೋಡೆಗೆ ಒರಗಿ ಕೂತಿದ್ದರು. ಕಾಲು ಮುಟ್ಟಿದಾಗ ಬೆಚ್ಚಿ ನೋಡಿದರು. ಯಾವ ಊರಿಗೆ, ಏನು ಓದು, ಯಾವುದನ್ನೂ ಕೇಳಲಿಲ್ಲ.

“ನೀನು ಗೆರೆ ಪಕ್ಕಾನೇ ಕೂತಿದ್ದೆ ಅಲ್ವೇನೇ,” ಎಂದರು. “ಅವತ್ತು ಅವನ ಉಸಿರು ಕಡ್ದಿತ್ತಾ?”

ಕೇಳಿದವರೇ ಅಭ್ಯಾಸಬಲದಿಂದ ಕಣ್ಣು ಮುಚ್ಚಿ, ತಲೆ ವಾಲಿಸಿದರು.

“ಕಡ್ದಿರ್ಲಿಲ್ಲ ಮಾಮ,” ಎಂದೆ. ಇನ್ನೊಂದು ಸಲ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಅಂದೆ. ಅವರು ಕಣ್ಣು ತೆರೆಯದೆ, ಕೇಳಿಸಿತು ಎನ್ನುವ ಹಾಗೆ ಮೆಲ್ಲಗೆ ತಲೆಯಾಡಿಸಿದರು. ಅವರ ಕೈ ಹಿಡಿದು ಅಲುಗಿಸಿ, ಕಣ್ಣು ತೆರೆಸಿ, ತುಟಿ ತೋರಿಸಿ ಹೇಳಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಮುಂದಿನ ರಜೆಗೆ ಬಂದಾಗ ಏಳನೆಯ ಮನೆಯಲ್ಲಿ ಬೇರೆ ಯಾರೋ ಇದ್ದರು. ಮಾಮ ತೀರಿಕೊಂಡ ಸುದ್ದಿಯನ್ನು ಅಪ್ಪ ಕಾಗದದಲ್ಲಿ ಬರೆದಿರಲಿಲ್ಲ.

ಅಪ್ಪನಿಗೆ ಈಗ ವಯಸ್ಸಾಗಿದೆ, ಕಿವಿ ಚೆನ್ನಾಗಿದೆ. ಹೋದ ಭಾನುವಾರ ಅವರು ಕನ್ನಡಿಯ ಮುಂದೆ ಕೂತು ಮುಖಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದೆ. ಬ್ರಷ್ಷು ಕೆನ್ನೆಯ ಮೇಲೆ ಒಂದು ಕ್ಷಣ ನಿಂತು, ಮತ್ತೆ ಆಡತೊಡಗಿತು. ಕ್ಷೌರ ಮುಗಿಯಿತು, ಸ್ನಾನ ಮುಗಿಯಿತು, ಊಟವೂ ಆಯಿತು. ಇವತ್ತು ಗುರುವಾರ.

ನಾನು ಕೇಳಿದ್ದು ಇಷ್ಟೇ: “ಅಪ್ಪಾ, ಮಾಮನಿಗೆ ಕಿವಿ ಕೇಳ್ಸಲ್ಲ ಅಂತ ನಾನು ನಿಮಗೆ ಫೈನಲ್‌ಗೆ ಮೊದಲೇ ಹೇಳಿದ್ನಾ?”